ಸಮ ತಾರೀಖು, ವಿಷಮ ತಾರೀಖು: ಪುಣೆಯಲ್ಲಿ ಗಾಡಿ ನಿಲ್ಲಿಸುವ ಮುನ್ನ

ಹುಟ್ಟುಹಬ್ಬದ ದಿನ ಮಕ್ಕಳನ್ನು ಪುಣೆಗೆ ಕರೆದೊಯ್ಯುವ ರೂಢಿ ಈಚಿನ ವರ್ಷಗಳಲ್ಲಿ ನಮ್ಮ ವಿಶ್ರಾಮಬಾಗ, ಮಿರಜ ಭಾಗದ ಕನ್ನಡ ಮಾಧ್ಯಮ ಶಾಲೆಗಳ ಪಾಲಕರಲ್ಲಿಯೂ ಬೆಳೆದಿದೆ. ಸ್ವಂತ ಗಾಡಿ ಇದ್ದವರು ಅದರಲ್ಲಿ, ಇಲ್ಲದವರು ಬಂಧುಗಳ ಗಾಡಿ ಕೇಳಿ ಪಡೆದು, ನಸುಕಿನಲ್ಲಿಯೇ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಮರುದಿನ ಶಾಲೆಯ ಬಾಗಿಲಲ್ಲಿ ಭೇಟಿಯಾದಾಗ ವಿಚಾರಿಸಿದರೆ ಶನಿವಾರವಾಡೆಯ ಮಾತಿಗಿಂತ ಗಾಡಿ ನಿಲ್ಲಿಸಲು ಪಟ್ಟ ಪಾಡಿನ ಮಾತೇ ಹೆಚ್ಚು. ಒಬ್ಬರಿಗೆ ದಂಡ, ಇನ್ನೊಬ್ಬರ ಗಾಡಿಯ ಗಾಲಿಗೆ ಬೀಗ, ಮತ್ತೊಬ್ಬರು ಒಂದು ತಾಸು ಅದೇ ಬೀದಿಗಳನ್ನು ಸುತ್ತಿ ಏನನ್ನೂ ನೋಡದೆ ಮರಳಿದವರು. ನಮಗೂ ಅದೇ ಆಯಿತು. ಅದರಲ್ಲಿ ತಪ್ಪು ನಮ್ಮದೇ ಇದ್ದುದರಿಂದ ಮುಚ್ಚಿಡದೆ ಹೇಳುತ್ತಿದ್ದೇವೆ.

ಕಳೆದ ಡಿಸೆಂಬರ್ 14ರ ರವಿವಾರ ನಮ್ಮ ಮಗಳಿಗೆ ಹತ್ತು ತುಂಬಿತು. ಪುಣೆಯಲ್ಲಿ ವಿಶ್ರಾಮಬಾಗವಾಡೆ ಎಂಬುದೊಂದು ಇದೆಯೆಂದು ಶಾಲೆಯಲ್ಲಿ ಕೇಳಿ ಬಂದಿದ್ದಳು. ನಮ್ಮೂರಿನ ಹೆಸರಿನ ಅರಮನೆ ಅಲ್ಲಿ ಹೇಗೆ ಬಂತು, ಅದನ್ನು ನೋಡಲೇಬೇಕು ಎಂಬುದು ಅವಳ ಹಟ. ಭಾವಮೈದುನರ ಗಾಡಿ ಪಡೆದು ನಾವು ನಾಲ್ವರು ಹೊರಟೆವು. ಆಷ್ಟಾ, ಇಸ್ಲಾಂಪುರ ದಾಟಿ ಪೇಠ ನಾಕೆಯಲ್ಲಿ ಹೆದ್ದಾರಿ ಸೇರಿ, ಕರಾಡ, ಸಾತಾರಾ, ಖಂಬಾಟಕಿ ಘಾಟು, ಶಿರವಳ ಕಳೆದು ಕಾತ್ರಜ ತಲುಪುವ ಸುಮಾರು 230 ಕಿಲೋಮೀಟರ್ ದಾರಿಯಲ್ಲಿ ಯಾವ ತೊಂದರೆಯೂ ಆಗಲಿಲ್ಲ. ತೊಂದರೆ ಇದ್ದುದು ಕೊನೆಯ ಅರ್ಧ ಕಿಲೋಮೀಟರಿನಲ್ಲಿ.

ಲಕ್ಷ್ಮೀ ರಸ್ತೆಯನ್ನು ಕೂಡುವ ಒಂದು ಒಳಬೀದಿಗೆ ಬಂದಾಗ ವಿಚಿತ್ರವೊಂದನ್ನು ಕಂಡೆವು. ಬೀದಿಯ ಎಡಬದಿಯಲ್ಲಿ ಬಂಪರಿಗೆ ಬಂಪರು ತಾಗುವಂತೆ ಗಾಡಿಗಳು ನಿಂತಿದ್ದವು. ಬಲಬದಿ ಖಾಲಿ. ಅಲ್ಲಿಯೇ ಕಂಬದ ಮೇಲೆ ನೀಲಿ ಹಲಗೆ, ಅದರ ಮೇಲೆ ಇಂಗ್ಲಿಷಿನ ‘ಪಿ’ ಅಕ್ಷರ. ನಿಲುಗಡೆಗೆ ಅನುಮತಿ ಇದೆ, ಜಾಗವೂ ಇದೆ, ಇನ್ನೇನು ಬೇಕು?

“ಅಪ್ಪಾ, ಈ ಕಡೆ ಒಂದೂ ಗಾಡಿ ಯಾಕ ಇಲ್ಲ?” ಎಂದು ಮಗಳು ಕೇಳಿದಳು.

“ನಿನ್ನ ಹುಟ್ಟುಹಬ್ಬ ಅಲ್ಲೇನವಾ, ಅದಕ್ಕ ಜಾಗಾ ಖಾಲಿ ಇಟ್ಟಾರ,” ಎಂದೆವು.

ಒಂದೂವರೆ ತಾಸಿನ ಮೇಲೆ ಮರಳಿ ಬಂದಾಗ ಗಾಡಿಯ ಮುಂದಿನ ಗಾಲಿಗೆ ಹಳದಿ ಬಣ್ಣದ ಜಾಮರ್ ಹಾಕಲಾಗಿತ್ತು. ಗಾಜಿನ ಮೇಲೆ ಮರಾಠಿಯ ಚೀಟಿ. ನಾವು ಚೀಟಿ ಓದುತ್ತಿರುವಾಗಲೇ ಮಿರಜದಿಂದ ಭಾವಮೈದುನರ ಕರೆ ಬಂತು: “ಭಾವಾ, ಪುಣೆಯೊಳಗ ಏನ್ ಮಾಡೀರಿ? ನನ್ನ ಮೊಬೈಲಿಗೆ ದಂಡದ ಮೆಸೇಜ್ ಬಂದೈತಿ.” ಆಗ ತಲೆಯೆತ್ತಿ ಹಲಗೆಯನ್ನು ಸರಿಯಾಗಿ ನೋಡಿದೆವು. ‘ಪಿ’ ಅಕ್ಷರದ ಮಗ್ಗುಲಲ್ಲಿ 1 ಎಂಬ ಅಂಕಿ ಇತ್ತು. ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ವಿಷಮ’ ಎಂದಿತ್ತು. ಆ ದಿನ 14ನೆಯ ತಾರೀಖು.

ಪುಣೆಗೆ ಹೋಗುವವರು ಮೊದಲು ತಿಳಿಯಬೇಕಾದ ವ್ಯವಸ್ಥೆ ಇದೇ. ಹಳೆಯ ಊರಿನ ಅನೇಕ ಬೀದಿಗಳು ಎರಡೂ ಬದಿಗೆ ಗಾಡಿ ನಿಂತರೆ ನಡುವೆ ಸಂಚಾರಕ್ಕೆ ಜಾಗ ಉಳಿಯದಷ್ಟು ಕಿರಿದು. ಒಂದೇ ಬದಿಯಲ್ಲಿ ನಿಲುಗಡೆ ಕೊಟ್ಟರೆ ಆ ಬದಿಯ ಅಂಗಡಿಕಾರರಿಗೂ ಮನೆಯವರಿಗೂ ನಿತ್ಯದ ಅಡಚಣೆ. ಆದುದರಿಂದ ದಿನಕ್ಕೊಂದು ಬದಿ ಎಂದು ಹಂಚಿದ್ದಾರೆ. ‘ಪಿ-1’ ಹಲಗೆ ಇರುವ ಬದಿಯಲ್ಲಿ 1, 3, 5, 7 ಹೀಗೆ ಬೆಸ ತಾರೀಖುಗಳಂದು ಗಾಡಿ ನಿಲ್ಲಿಸಬಹುದು. ‘ಪಿ-2’ ಹಲಗೆ ಇರುವ ಬದಿಯಲ್ಲಿ 2, 4, 6, 8 ಹೀಗೆ ಸಮ ತಾರೀಖುಗಳಂದು. ಮುಂಬಯಿಯಲ್ಲಿಯೂ ಈ ಪದ್ಧತಿ ಇದೆ. ಊರಿನವರಿಗೆ ಇದು ಉಸಿರಾಟದಷ್ಟು ಸಹಜ, ಬೆಳಿಗ್ಗೆ ಕ್ಯಾಲೆಂಡರ್ ನೋಡಿಯೇ ಗಾಡಿ ಹೊರಗೆ ತೆಗೆಯುತ್ತಾರೆ. ಹೊರಗಿನವರಿಗೆ ಮಾತ್ರ ಖಾಲಿ ಇರುವ ಬದಿ ಭಾಗ್ಯದಂತೆ ಕಾಣುತ್ತದೆ. ಪುಣೆಯ ಹಳೆಯ ಪೇಠೆಗಳಲ್ಲಿ ಒಂದು ಬದಿ ಪೂರ್ತಿ ಖಾಲಿ ಕಂಡರೆ ಅದು ಭಾಗ್ಯವಲ್ಲ, ತಾರೀಖು.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ರಾತ್ರಿ ಬಂಧುಗಳ ಮನೆಯಲ್ಲಿ ಉಳಿಯುವವರ ಗಾಡಿ ಸಂಜೆ ನಿಂತ ಬದಿಯಲ್ಲಿಯೇ ಇದ್ದರೆ, ನಡುರಾತ್ರಿ ತಾರೀಖು ಬದಲಾದೊಡನೆ ಅದು ತಪ್ಪು ಬದಿಯಲ್ಲಿ ನಿಂತಂತಾಗುತ್ತದೆ. ಬೆಳಿಗ್ಗೆ ಚಹಾ ಕುಡಿಯುವ ಮೊದಲೇ ಬದಿ ಬದಲಿಸುವ ಪುಣೆಯವರ ಅವಸರಕ್ಕೆ ಕಾರಣ ಇದು. 31 ದಿನಗಳ ತಿಂಗಳು ಮುಗಿದಾಗ ಮಾತ್ರ 31 ಮತ್ತು 1 ಎರಡೂ ಬೆಸ. ಆಗ ಒಂದೇ ಬದಿಗೆ ಸತತ ಎರಡು ದಿನ ಸಿಗುತ್ತದೆ. ಐದನೆಯ ತರಗತಿಗೆ ಇದು ಒಳ್ಳೆಯ ಲೆಕ್ಕ. ವರ್ಷದಲ್ಲಿ ಬೆಸ ತಾರೀಖುಗಳೆಷ್ಟು, ಸಮ ತಾರೀಖುಗಳೆಷ್ಟು ಎಂದು ನಮ್ಮ ತರಗತಿಯಲ್ಲಿ ಕೇಳಿದೆವು. ಅರ್ಧಕ್ಕರ್ಧ ಎಂದು ಎಲ್ಲರೂ ಕೂಗಿದರು. ಎಣಿಸಿ ನೋಡಿದರೆ ಸಾಮಾನ್ಯ ವರ್ಷದಲ್ಲಿ ಬೆಸ 186, ಸಮ 179. ‘ಪಿ-1’ ಬದಿಯವರಿಗೆ ಏಳು ದಿನ ಹೆಚ್ಚು.

ಇಲ್ಲಿ ಭಾಷೆಯ ಮಾತು ಬರುತ್ತದೆ. ಕನ್ನಡದಲ್ಲಿ ನಾವು ಸಮ ಸಂಖ್ಯೆ, ಬೆಸ ಸಂಖ್ಯೆ ಎನ್ನುತ್ತೇವೆ. ಮರಾಠಿಯಲ್ಲಿ ಸಮ, ವಿಷಮ. ‘ಸಮ’ ಎರಡರಲ್ಲಿಯೂ ಒಂದೇ, ತೊಡಕಿಲ್ಲ. ಆದರೆ ‘ವಿಷಮ’ ಎಂಬುದನ್ನು ಕಂಡಾಗ ಕನ್ನಡದಲ್ಲಿ ಓದಿ ಬೆಳೆದ ನಮ್ಮಂಥವರ ಮನಸ್ಸಿಗೆ ಮೊದಲು ಬರುವುದು ವಿಷಮ ಪರಿಸ್ಥಿತಿ ಇಲ್ಲವೆ ವಿಷಮಶೀತಜ್ವರ! ಹಲಗೆಗಳ ಮೇಲೆ ಇಂಥ ಪದಗಳು ಹಲವು. ‘ವಾಹನತಳ’ ಎಂದರೆ ಗಾಡಿಯ ತಳಭಾಗವಲ್ಲ, ಗಾಡಿ ನಿಲ್ಲಿಸುವ ಅಧಿಕೃತ ತಾಣ. ವಿಮಾನ ನಿಲ್ದಾಣಕ್ಕೆ ಮರಾಠಿಯಲ್ಲಿ ‘ವಿಮಾನತಳ’ ಎಂದಂತೆ. ‘ವಾಹನೇ ಲಾವಣ್ಯಾಸ ಮನಾಈ’ ಎಂಬುದರಲ್ಲಿ ಲಾವಣ್ಯವೇನೂ ಇಲ್ಲ. ವಾಹನ ನಿಲ್ಲಿಸಬಾರದು ಎಂದು ಅರ್ಥ. ‘ರಾಖೀವ’ ಎಂದರೆ ಮೀಸಲು, ‘ಏಕೇರಿ ಮಾರ್ಗ’ ಎಂದರೆ ಏಕಮುಖ ರಸ್ತೆ. ‘ದುಚಾಕೀ’ ಎಂದರೆ ಎರಡು ಗಾಲಿಯ ವಾಹನ; ಆ ಹಲಗೆಯ ಕೆಳಗೆ ಕಾರು ನಿಲ್ಲಿಸಿದರೂ ದಂಡವೇ.

ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿಯನ್ನೂ ಓದುತ್ತಾರೆ. ಅವರು ಹಲಗೆಯನ್ನು ನಮಗಿಂತ ಬೇಗ ಓದಬಲ್ಲರು. ಜತ್ತ, ಅಕ್ಕಲಕೋಟೆ ಕಡೆಯ ಹಳ್ಳಿಗಳಿಂದ ಬರುವ ಹಿರಿಯರಲ್ಲಿ ಮರಾಠಿ ಮಾತು ಬಲ್ಲವರುಂಟು, ಓದು ಬಾರದವರೂ ಉಂಟು. ಅಂಥ ಮನೆಗಳಲ್ಲಿ ಹಲಗೆ ಓದುವ ಕೆಲಸವನ್ನು ಮಗುವಿಗೆ ವಹಿಸುವುದರಲ್ಲಿ ಸಂಕೋಚ ಬೇಡ. ಸಂಕೋಚಪಡಬೇಕಾದದ್ದು ನಾವು: ಬೀದಿಯ ಬದಿ ಖಾಲಿ ಏಕೆ ಎಂಬ ಸರಿಯಾದ ಪ್ರಶ್ನೆಯನ್ನು ಮಗಳು ಕೇಳಿದ್ದಳು, ವೃತ್ತಿಯಿಂದ ಶಿಕ್ಷಕರಾದ ನಾವು ಅದನ್ನು ತಮಾಷೆಯಲ್ಲಿ ತೇಲಿಸಿದ್ದೆವು.

ಅಕ್ಷರವೇ ಬೇಡದ ಚಿಹ್ನೆಗಳೂ ಇವೆ. ಅವು ದೇಶದಾದ್ಯಂತ ಒಂದೇ. ನೀಲಿ ಚೌಕದಲ್ಲಿ ಬಿಳಿ ‘ಪಿ’ ಇದ್ದರೆ ನಿಲುಗಡೆ ಉಂಟು, ಕೆಳಗಿನ ಪೂರಕ ಹಲಗೆಯ ಷರತ್ತಿಗೆ ಒಳಪಟ್ಟು. ಕೆಂಪು ಅಂಚಿನ ನೀಲಿ ವೃತ್ತದಲ್ಲಿ ಒಂದೇ ಓರೆ ಗೆರೆ ಇದ್ದರೆ ಗಾಡಿ ನಿಲ್ಲಿಸಿ ಹೋಗುವಂತಿಲ್ಲ. ಅದೇ ವೃತ್ತದಲ್ಲಿ ಎರಡು ಗೆರೆಗಳು ಒಂದನ್ನೊಂದು ಕತ್ತರಿಸಿದ್ದರೆ ಕ್ಷಣಕಾಲ ತಡೆಯುವುದೂ ನಿಷಿದ್ಧ, ಅಜ್ಜಿಯನ್ನು ಇಳಿಸುವುದಕ್ಕೂ ಇಲ್ಲ. ರಸ್ತೆಯ ಅಂಚಿಗೆ ಎಡೆಬಿಡದ ಹಳದಿ ಗೆರೆ ಎಳೆದಿದ್ದರೆ ಹಲಗೆ ಇರಲಿ ಬಿಡಲಿ, ನಿಲುಗಡೆ ಇಲ್ಲ.

ಹಲಗೆಯೇ ಇಲ್ಲದ ಕಡೆ ಎಲ್ಲಿಯಾದರೂ ನಿಲ್ಲಿಸಬಹುದೆಂಬುದು ದೊಡ್ಡ ತಪ್ಪು ತಿಳಿವಳಿಕೆ. ಕೇಂದ್ರ ಸರಕಾರದ 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯ ಪ್ರಕಾರ ರಸ್ತೆಗಳು ಕೂಡುವ ಸ್ಥಳದಿಂದ 50 ಮೀಟರ್ ಒಳಗೆ, ಪಾದಚಾರಿ ಮಾರ್ಗದ ಮೇಲೆ, ಬಸ್ ನಿಲ್ದಾಣ, ಶಾಲೆ, ಆಸ್ಪತ್ರೆಗಳ ಬಾಗಿಲ ಬಳಿ, ನಿಂತ ಗಾಡಿಯ ಪಕ್ಕಕ್ಕೆ ಇನ್ನೊಂದು ಸಾಲಾಗಿ, ಯಾರದೇ ಮನೆ ಅಂಗಡಿಗಳ ಪ್ರವೇಶದ್ವಾರಕ್ಕೆ ಅಡ್ಡವಾಗಿ ಗಾಡಿ ನಿಲ್ಲಿಸುವಂತಿಲ್ಲ. ಈ ನಿಯಮಗಳನ್ನು ಅಕ್ಷರಶಃ ಅನ್ವಯಿಸಿದರೆ ಸಾಂಗಲಿಯ ಪೇಟೆಯಲ್ಲಿ ನಮ್ಮಲ್ಲಿ ಎಷ್ಟು ಮಂದಿ ಉಳಿದೇವು ಎಂಬುದು ಬೇರೆ ಮಾತು.

ಈಗ ಜಾಮರಿಗೆ ಬರೋಣ. ಮೋಟಾರು ವಾಹನ ಕಾಯಿದೆ, 1988ರ 127ನೆಯ ಕಲಮಿನಂತೆ, ನಿಲುಗಡೆ ನಿಷೇಧಿಸಿದ ಸ್ಥಳದಲ್ಲಿ ನಿಂತ ವಾಹನವನ್ನು ಎಳೆದೊಯ್ಯಲು ಅಥವಾ ಗಾಲಿಗೆ ಬೀಗ ಹಾಕಿ ತಡೆಯಲು ಆ ವ್ಯಾಪ್ತಿಯ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅಪ್ಪಣೆ ಕೊಡಬಹುದು. ಸಮವಸ್ತ್ರ ಎಂಬ ಮಾತು ಇಲ್ಲಿ ಮುಖ್ಯ. ಬೀದಿಯಲ್ಲಿ ಯಾರೋ ಬಂದು ‘ಇನ್ನೂರು ಕೊಡಿ, ಬಿಡಿಸಿ ಕೊಡುತ್ತೇವೆ’ ಎಂದರೆ ಅವರಿಗೆ ಆ ಅಧಿಕಾರವಿಲ್ಲ. ಎಳೆದೊಯ್ದ ವೆಚ್ಚ ದಂಡದಿಂದ ಬೇರೆ. ಅದೂ ಮಾಲೀಕರ ಮೇಲೆಯೇ ಬೀಳುತ್ತದೆ. ದಂಡವಾದರೋ, 2019ರ ತಿದ್ದುಪಡಿಯ ದರಗಳನ್ನು ಮಹಾರಾಷ್ಟ್ರ 2021ರ ಡಿಸೆಂಬರಿನಲ್ಲಿ ಜಾರಿಗೆ ತಂದಿತು. ಅದರಂತೆ ತಪ್ಪು ನಿಲುಗಡೆಗೆ ಮೊದಲ ಸಲ 500 ರೂಪಾಯಿ, ಮರುಕಳಿಸಿದರೆ 1500. ‘ಮರುಕಳಿಸಿದರೆ’ ಎಂಬುದನ್ನು ಗಾಡಿ ಎರವಲು ಪಡೆಯುವವರು ಗಮನಿಸಬೇಕು. ಇ-ಚಲನ್ ಹೋಗುವುದು ಗಾಡಿಯ ಸಂಖ್ಯೆಯ ಮೇಲೆ, ಸಂದೇಶ ಹೋಗುವುದು ಮಾಲೀಕರ ಮೊಬೈಲಿಗೆ. ನಾವು ಮಾಡಿದ ತಪ್ಪು ಭಾವಮೈದುನರ ಗಾಡಿಯ ಖಾತೆಯಲ್ಲಿ ಕೂತಿತು. ಇನ್ನು, ದಂಡದ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಕೊಂಡಿಗಳನ್ನು ಒತ್ತಬಾರದು. ಚಲನ್ ಹೆಸರಿನ ಸುಳ್ಳು ಸಂದೇಶಗಳಿಂದ ಬ್ಯಾಂಕಿನ ಹಣ ಕಳೆದುಕೊಂಡವರಿದ್ದಾರೆ. ಸರಕಾರದ ಪರಿವಹನ್ ಜಾಲತಾಣದಲ್ಲಿ ಗಾಡಿಯ ಸಂಖ್ಯೆ ಕೊಟ್ಟು ನೋಡಿದರೆ ನಿಜ ಯಾವುದೆಂದು ತಿಳಿಯುತ್ತದೆ. ಲೈಸೆನ್ಸ್, ನೋಂದಣಿ ಪತ್ರಗಳನ್ನು ಡಿಜಿಲಾಕರಿನಲ್ಲಿ ತೋರಿಸಿದರೆ 2018ರಿಂದ ಅವು ಮೂಲಪತ್ರದಷ್ಟೇ ಮಾನ್ಯ. ಆದರೆ ಎರವಲು ಗಾಡಿಯ ಪತ್ರ ಮಾಲೀಕರ ಮೊಬೈಲಿನಲ್ಲಿರುತ್ತದೆ, ನಮ್ಮದರಲ್ಲಿ ಅಲ್ಲ. ನಾವು ಅದನ್ನೂ ಮರೆತಿದ್ದೆವು.

ದಂಡ ಅನ್ಯಾಯವೆನಿಸಿದರೆ ಏನು ಮಾಡಬೇಕೆಂದು ಕೆಲವು ಪಾಲಕರು ಕೇಳಿದ್ದಾರೆ. ಚಲನ್ ಮೇಲೆ ತಕರಾರು ಸಲ್ಲಿಸಲು ಅವಕಾಶವಿದೆ. ಹಲಗೆ ಕಾಣದಂತೆ ಮರದ ಕೊಂಬೆ ಇಲ್ಲವೆ ಜಾಹೀರಾತು ಮರೆಮಾಡಿದ್ದರೆ ಆ ಕ್ಷಣವೇ ತೆಗೆದ ಚಿತ್ರ ದೊಡ್ಡ ಆಧಾರ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಗಳಲ್ಲಿ ಯಾವುದರಲ್ಲಿಯಾದರೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಆ ಹಕ್ಕನ್ನು ನಾವು ಎಂದಿಗೂ ಬಿಟ್ಟುಕೊಡಬಾರದು. ಹಾಗೆಂದು ಬೀದಿಯಲ್ಲಿ ಹಸಿದ ಮಕ್ಕಳನ್ನು ನಿಲ್ಲಿಸಿಕೊಂಡು ಜಾಮರ್ ತೆಗೆಸುವ ಹೊತ್ತಿನಲ್ಲಿ ವಿಧಿಯನ್ನು ಉಲ್ಲೇಖಿಸುವುದರಿಂದ ಗಾಲಿ ತಿರುಗುವುದಿಲ್ಲ. ಚೀಟಿಯಲ್ಲಿದ್ದ ಸಂಖ್ಯೆಗೆ ಕರೆ ಮಾಡಿ, ನಮಗೆ ಬರುವ ಮರಾಠಿಯಲ್ಲಿ ತಪ್ಪು ಒಪ್ಪಿ, ಮುಕ್ಕಾಲು ತಾಸು ಕಾದೆವು. ಬಂದ ಪೊಲೀಸರು ಸೌಜನ್ಯದಿಂದಲೇ ದಂಡ ಕಟ್ಟಿಸಿಕೊಂಡು ಜಾಮರ್ ತೆಗೆದರು. ರಸೀದಿ ಕೊಡುತ್ತ, ಸಾಂಗಲಿಯವರಿಗೆ ಇದು ಪ್ರತಿ ರವಿವಾರದ ಕಥೆ ಎಂದರು.

ಇಷ್ಟೊಂದು ಕಟ್ಟುಪಾಡು ಏಕೆ? ಪುಣೆಯ ಕಸಬಾ, ಶನಿವಾರ, ಬುಧವಾರ, ನಾರಾಯಣ, ಸದಾಶಿವ ಪೇಠೆಗಳು ಕಾಲ್ನಡಿಗೆಯ, ಕುದುರೆ ಎತ್ತಿನಗಾಡಿಗಳ ಕಾಲದವು. ಶನಿವಾರವಾಡೆ ಕಟ್ಟಿ ಮುಗಿದದ್ದು 1732ರಲ್ಲಿ. ಅಂದಿನ ಬೀದಿಯ ಅಗಲ ಹೆಚ್ಚು ಬದಲಾಗಿಲ್ಲ. ಇತ್ತ ಒಂದು ಕಾರು, ತಿರುಗಿಸುವ ಜಾಗವನ್ನೂ ಸೇರಿಸಿ, 23 ಚದರ ಮೀಟರ್ ಬಯಲು ಬೇಡುತ್ತದೆಂದು ನಮ್ಮ ನಗರ ಯೋಜಕರು ಲೆಕ್ಕ ಹಿಡಿಯುತ್ತಾರೆ, ನೆಲಮಾಳಿಗೆಯಾದರೆ 32. ಇಪ್ಪತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ತರಗತಿಯ ಕೋಣೆ ಸುಮಾರು 37 ಚದರ ಮೀಟರ್. ಎಂದರೆ ನಲವತ್ತು ಮಕ್ಕಳು ಕುಳಿತು ಓದುವ ಕೋಣೆಯಲ್ಲಿ ಎರಡು ಕಾರು ಹಿಡಿಸುವುದಿಲ್ಲ. ಇದನ್ನು ಕಪ್ಪುಹಲಗೆಯ ಮೇಲೆ ಬರೆದಾಗ ಹುಡುಗನೊಬ್ಬ, “ಹಂಗಾರ ಕಾರಿಗೆ ಸಾಲಿ ಫೀ ಎಷ್ಟ್ರೀ ಸರ್?” ಎಂದ. ಅವನು ಕೇಳಿದ್ದು ಬಹಳ ಹಳೆಯ ಪ್ರಶ್ನೆ. ಅಮೆರಿಕದ ಒಕ್ಲಹೋಮಾ ನಗರ 1935ರ ಜುಲೈನಲ್ಲಿ ಜಗತ್ತಿನ ಮೊದಲ ನಿಲುಗಡೆ ಮೀಟರನ್ನು ನೆಟ್ಟು ತಾಸಿಗೆ ಐದು ಸೆಂಟ್ ವಸೂಲು ಮಾಡಿತು. ಜಪಾನ್ 1962ರಲ್ಲಿ, ಗಾಡಿ ನಿಲ್ಲಿಸಲು ಜಾಗವಿದೆಯೆಂದು ತೋರಿಸದವರು ಕಾರು ಇಟ್ಟುಕೊಳ್ಳುವಂತಿಲ್ಲ ಎಂದು ಕಾಯಿದೆ ಮಾಡಿತು. ಪುಣೆ ಮಹಾನಗರಪಾಲಿಕೆ ಕೂಡ 2018ರಲ್ಲಿ ಬೀದಿಯ ನಿಲುಗಡೆಗೆ ಶುಲ್ಕ ವಿಧಿಸುವ ನೀತಿಯನ್ನು ಅಂಗೀಕರಿಸಿತ್ತು. ವಿರೋಧ ಬಲವಾಗಿ ಎದ್ದಿತು. ಶುಲ್ಕ ಎಂದರೆ ಬಡವರ ಮೇಲೆ ಹೊರೆ ಎಂಬ ವಾದವನ್ನು ನಾವು ಪೂರ್ತಿ ಒಪ್ಪುವುದಿಲ್ಲ. ಬಸ್ಸಿನಲ್ಲಿ ಬರುವ ಬಡವರಿಗೆ ಆ 23 ಚದರ ಮೀಟರ್ ಎಂದೂ ಬೇಕಾಗಿರಲಿಲ್ಲ.

ಹಾಗಾದರೆ ಹೋಗುವವರು ಏನು ಮಾಡಬೇಕು? ಪೇಠೆಗಳ ಒಳಗೆ ಗಾಡಿ ಒಯ್ಯದಿರುವುದೇ ಮೇಲು. ಕಾತ್ರಜದಿಂದ ಬರುವವರಿಗೆ ಸ್ವಾರಗೇಟ್ ದಾರಿಯಲ್ಲಿಯೇ ಸಿಗುತ್ತದೆ. 2024ರ ಸೆಪ್ಟೆಂಬರಿನಿಂದ ಅಲ್ಲಿಂದ ನೆಲದಡಿಯ ಮೆಟ್ರೋ ಓಡುತ್ತಿದೆ. ಮುಂದಿನ ನಿಲ್ದಾಣವೇ ಮಂಡಈ, ಅದರ ಮುಂದಿನದು ಕಸಬಾ ಪೇಠ. ಮಂಡಈಯಲ್ಲಿ ಇಳಿದರೆ ವಿಶ್ರಾಮಬಾಗವಾಡೆ ಕಾಲ್ನಡಿಗೆಯ ದೂರ. ನೆಲದಡಿಯ ರೈಲನ್ನು ಕಾಣದ ನಮ್ಮ ಮಕ್ಕಳಿಗೆ ಆ ಒಂದು ನಿಲ್ದಾಣದ ಪಯಣವೇ ಅರ್ಧ ಹುಟ್ಟುಹಬ್ಬ. ಸ್ವಾರಗೇಟ್ ಸುತ್ತ ಅಥವಾ ಊರ ಹೊರಗಿನ ಬಂಧುಗಳ ವಸಾಹತಿಯಲ್ಲಿ ಗಾಡಿ ಬಿಟ್ಟು ಹೋಗುವವರು ಅಲ್ಲಿಯ ಹಲಗೆಯನ್ನೂ ಓದಿಯೇ ಬಿಡಬೇಕು. ಒಳಗೇ ಒಯ್ಯಬೇಕಾದವರಿಗೆ ಮಂಡಈ ಬಳಿ ಆರ್ಯನ್, ಮಿನರ್ವಾ ಎಂಬ ವಾಹನತಳಗಳಿವೆ, ನಾರಾಯಣ ಪೇಠೆಯಲ್ಲಿ ಹಮಾಲವಾಡಾ ಇದೆ. ರಜೆಯ ದಿನ ಬೆಳಿಗ್ಗೆ ಬೇಗ ತಲುಪಿದವರಿಗಷ್ಟೇ ಅಲ್ಲಿ ಜಾಗದ ಭರವಸೆ. ಒಮ್ಮೆ ತಪ್ಪಿದರೆ ಮತ್ತೆ ಅದೇ ಬಾಗಿಲಿಗೆ ಬರಲು ಏಕಮುಖ ರಸ್ತೆಗಳಲ್ಲಿ ದೊಡ್ಡ ಸುತ್ತು ಹಾಕಬೇಕಾಗುತ್ತದೆ.

ರೈಲೂ ಇದೆ. ಕೊಲ್ಹಾಪುರದಿಂದ ಮುಂಬಯಿಗೆ ಹೋಗುವ ಕೊಯನಾ ಎಕ್ಸ್‌ಪ್ರೆಸ್ ಮಿರಜ, ಸಾಂಗಲಿಗಳ ಮೇಲೆಯೇ ಪುಣೆಗೆ ಹಾಯುತ್ತದೆ. 2024ರಲ್ಲಿ ಆರಂಭವಾದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಮಿರಜದಲ್ಲಿ ನಿಲ್ಲುತ್ತದೆ. ನಾಲ್ವರ ಟಿಕೇಟು, ಡೀಸೆಲ್ಲು, ಟೋಲು, ದಂಡ ಎಲ್ಲವನ್ನೂ ಕೂಡಿಸಿ ಕಳೆದು ನೋಡುವ ಲೆಕ್ಕವನ್ನು ಮನೆಯ ಮಕ್ಕಳಿಗೇ ಕೊಡಬಹುದು.

ಇನ್ನು ಆ ವಾಡೆಯ ವಿಷಯ. ಜಾಮರ್ ತೆಗೆಯುವವರನ್ನು ಕಾಯುವ ಹೊತ್ತಿನಲ್ಲಿ ನಾವು ಮತ್ತೊಮ್ಮೆ ಅದರ ಮುಂದೆ ಹೋಗಿ ನಿಂತೆವು. ಎರಡನೆಯ ಬಾಜೀರಾವ ಪೇಶ್ವೆ 19ನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಮನೆ ಅದು. ಮುಂಭಾಗದ ಮರದ ಕೆತ್ತನೆಯನ್ನು ಎಷ್ಟು ನೋಡಿದರೂ ತಣಿಯದು. ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ 1821ರಲ್ಲಿ ಅಲ್ಲಿ ಸಂಸ್ಕೃತ ಪಾಠಶಾಲೆ ತೆರೆಯಿತು, ಅದೇ ಬೆಳೆದು ಡೆಕ್ಕನ್ ಕಾಲೇಜಾಯಿತು. ಅರಮನೆ ಶಾಲೆಯಾಯಿತೆಂಬುದು ಮಗಳಿಗೆ ಬಹಳ ಹಿಡಿಸಿತು. ಪುಣೆಗೂ ನಮ್ಮ ವಿಶ್ರಾಮಬಾಗಕ್ಕೂ ಹೆಸರಿನದಕ್ಕಿಂತ ಗಟ್ಟಿಯಾದ ನಂಟು ಇನ್ನೊಂದಿದೆ ಎಂದು ಅವಳಿಗೆ ಹೇಳಿದೆವು. 1919ರಲ್ಲಿ ಆರಂಭವಾದ ನಮ್ಮ ವಿಲಿಂಗ್ಡನ್ ಕಾಲೇಜು ಪುಣೆಯ ಫರ್ಗ್ಯುಸನ್ ಕಾಲೇಜಿನ ಒಡಹುಟ್ಟು. ಎರಡೂ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯವು. ಬೇಂದ್ರೆಯವರು ಪದವಿಗೆ ಓದಿದ್ದು ಫರ್ಗ್ಯುಸನ್‌ನಲ್ಲಿ, ಗೋಕಾಕರು ಪ್ರಾಚಾರ್ಯರಾಗಿದ್ದುದು, ರಂ.ಶ್ರೀ. ಮುಗಳಿಯವರು ಕನ್ನಡ ಕಲಿಸಿದ್ದು ನಮ್ಮ ವಿಲಿಂಗ್ಡನ್‌ನಲ್ಲಿ. “ಅವರೆಲ್ಲಾ ಗಾಡಿ ಎಲ್ಲಿ ನಿಲ್ಲಸ್ತಿದ್ರು?” ಎಂದಳು. ರೈಲಿನಲ್ಲಿ ಹೋಗುತ್ತಿದ್ದಿರಬೇಕು ಎಂದೆವು.

ಬರುವ ಡಿಸೆಂಬರ್ 14 ಸೋಮವಾರ. ಕೇಕು ಬೇಡ, ಕೊಯನಾದಲ್ಲಿ ಕಿಟಕಿಯ ಬದಿ ಬೇಕು ಎಂದು ಮಗಳು ಈಗಲೇ ಹೇಳಿಟ್ಟಿದ್ದಾಳೆ. ಭಾವಮೈದುನರಂತೂ ಗಾಡಿಯ ಮಾತನ್ನು ಇನ್ನೂ ಎತ್ತಿಲ್ಲ.